ಫೋನಿನ ಚಿಪ್ಪು ಮತ್ತು ನಾನು ಬಾಯಿಬಿಡದ ಮೂರು ದಿನ

ಮಕ್ಕಳೇ, ಆಗ ನಾವು ಈ ಪರದೇಶಕ್ಕೆ ಬಂದು ಫ್ಲ್ಯಾಟ್ ಬುಷ್ ಬಡಾವಣೆಯ ಮನೆಯಲ್ಲಿದ್ದೆವು. ನಿಮ್ಮ ಅಮ್ಮ, ಅಂದರೆ ನನ್ನ ಮಗಳು, ಪಕ್ಕದ ಈಸ್ಟ್ ತಮಾಕಿಯ ಒಂದು ಕಂಪನಿಯಲ್ಲಿ ಎಲೆಕ್ಟ್ರಾನಿಕ್ ಚಿಪ್ಪುಗಳ ವಿನ್ಯಾಸ ಮಾಡುತ್ತಿದ್ದಳು. ಊರಿಗೆಲ್ಲ ಇಂಟರ್ನೆಟ್ಟಿನ ಫೈಬರ್ ತಂತಿ ಬರುತ್ತಿದ್ದರೂ ಹಳೆಯ ಫೋನನ್ನೇ ಇಟ್ಟುಕೊಳ್ಳುವವರು ಬಹಳ ಜನ. ಅಂಥವರ ಮನೆಯ ಫೈಬರ್ ಪೆಟ್ಟಿಗೆಯಲ್ಲಿ ಕೂತು ಫೋನಿನ ಗಂಟೆ ಬಾರಿಸುವುದು, ಯಾರಾದರೂ ಎತ್ತಿದ ಕೂಡಲೇ ಅದನ್ನು ನಿಲ್ಲಿಸಿ ಮಾತು ಕೇಳಿಸುವುದು ಆ ಚಿಪ್ಪಿನ ಕೆಲಸ. ಒಂದೂವರೆ ವರ್ಷ ಅವಳು ಅದಕ್ಕೇ ಜೀವ ತೇದಿದ್ದಳು.

ಮಾದರಿಯ ಚಿಪ್ಪು ಬಂದಾಗ ಅದನ್ನು ಕೂರಿಸಿದ ಪೆಟ್ಟಿಗೆಯನ್ನು ಮನೆಗೆ ತಂದು ಅಡುಗೆಮನೆಯ ಫೋನಿಗೆ ಜೋಡಿಸಿದಳು.

"ಭಾನುವಾರ ಪೂರ್ತಿ ಇದು ಇಲ್ಲೇ ಇರ್ಲಿ ಅಮ್ಮ. ರಿಂಗ್ ಆದ್ರೆ ಎತ್ತು, ಅಷ್ಟೇ. ಬುಧವಾರ ನಾನು ಒಪ್ಪಿಗೆ ಕೊಟ್ರೆ ಕಾರ್ಖಾನೆಗೆ ಹೋಗತ್ತೆ, ಮುಗೀತು."

"ನನಗೇನು ಗೊತ್ತಾಗತ್ತೆ ಅದೆಲ್ಲ?"

"ಗೊತ್ತಾಗ್ಬೇಕಾಗಿಲ್ಲ. ಹಲೋ ಅನ್ನು, ಸಾಕು."

ಅವಳು ನಿಮ್ಮನ್ನು ಈಜಿಗೆ ಕರೆದುಕೊಂಡು ಹೋದಾಗ ಫೋನ್ ಬಂತು. ಊರಿನ ಮನೆಯಲ್ಲಿ ನನ್ನ ಮಾವನವರಿಗೆ ಫೋನಿನ ಸದ್ದೇ ಆಗಿಬರುತ್ತಿರಲಿಲ್ಲ. ಹಾಗಾಗಿ ಗಂಟೆ ಅರ್ಧ ಬಾರಿಸುವಷ್ಟರಲ್ಲೇ ಎತ್ತುವುದು ನನಗೆ ರೂಢಿ. ಅವತ್ತೂ ಹಾಗೇ ಎತ್ತಿದೆ. ಗಂಟೆ ನಿಲ್ಲಲಿಲ್ಲ. ಕಿವಿಯೊಳಗೇ ಗರ್ರೆಂದಿತು. ಹೆದರಿ ಇಟ್ಟುಬಿಟ್ಟೆ.

ಹಳ್ಳಿ ಶಾಲೆಯಲ್ಲಿ ಓದಿದ ನಾನು ಏನೋ ಮುಟ್ಟಬಾರದ್ದನ್ನು ಮುಟ್ಟಿ ಕೆಡಿಸಿದೆ ಅನ್ನಿಸಿತು. ಸಂಜೆ ಅವಳು ಕೇಳಿದಾಗ "ಚೆನ್ನಾಗೇ ಇತ್ತು" ಅಂದೆ. ಸೋಮವಾರ, ಮಂಗಳವಾರವೂ ಹೇಳಲು ಬಾಯಿ ಬರಲಿಲ್ಲ. ಬುಧವಾರ ಸಂಜೆ ಒಪ್ಪಿಗೆ ಕೊಟ್ಟುಬಂದೆ ಎನ್ನುತ್ತಾ ಅವಳು ಬ್ಯಾಗ್ ಇಳಿಸುತ್ತಿದ್ದಾಗ ಎಲ್ಲ ಹೇಳಿದೆ.

ಪೆಟ್ಟಿಗೆ ಇನ್ನೂ ಅಡುಗೆಮನೆಯಲ್ಲೇ ಇತ್ತು. ಅವಳು ತನ್ನ ಮೊಬೈಲಿನಿಂದ ಮನೆಗೆ ಫೋನ್ ಹಚ್ಚಿ, ಗಂಟೆ ಬಾರಿಸುತ್ತಿರುವಾಗಲೇ ಎತ್ತಿದಳು. ಇಟ್ಟಳು. ಮತ್ತೆ ಎತ್ತಿದಳು. ಎರಡು ಸಲವೂ ಗಂಟೆ ನಿಲ್ಲಲಿಲ್ಲ.

"ಲ್ಯಾಬಲ್ಲಿ ಯಾರೂ ಹಿಂಗೆ ರಿಂಗ್ ಆಗ್ತಿರೋವಾಗ್ಲೇ ಎತ್ತಲ್ಲ ಅಮ್ಮ, ಅದಕ್ಕೇ ಈ ತಪ್ಪು ಕಂಡಿಲ್ಲ. ಶಾಕ್ ಹೊಡಿಯತ್ತೆ ಅಂತ ಎರಡು ರಿಂಗ್ ನಡುವಿನ ಗ್ಯಾಪಲ್ಲೇ ಎತ್ತಿ ಅಭ್ಯಾಸ ಆಗಿದೆ. ಭಾನುವಾರನೇ ಹೇಳೋಕಾಗ್ಲಿಲ್ವಾ ನಿಂಗೆ?"

"ನಾನೇ ಕೆಡಿಸಿದೆ ಅಂದ್ಕೊಂಡೆ ಕಣೆ."

ಆಫೀಸಿಗೆ ಫೋನ್ ಮಾಡಿದಳು. ವಿನ್ಯಾಸ ಆಗಲೇ ಕಾರ್ಖಾನೆಗೆ ಹೋಗಿಯಾಗಿತ್ತು. ಅನ್ನ ಬಡಿಸಿದೆ. ಎರಡು ತುತ್ತು ತಿಂದು ಎದ್ದಳು.

ಅದನ್ನು ತಿದ್ದಲು ಚಳಿಗಾಲವಿಡೀ ಬೇಕಾಯಿತು. ಶನಿವಾರಗಳೂ ಹೋದವು. "ಮಮ್ ಈಸ್ ಆಲ್ವೇಸ್ ಅಟ್ ವರ್ಕ್" ಎಂದು ನೀವು ಅವಳ ಮೇಲೆ ಮುನಿಸಿಕೊಂಡಾಗ ನಾನು ದೋಸೆ ಹುಯ್ಯುತ್ತಿದ್ದೆ. ಆಗಲೂ ನಿಮಗೆ ನಿಜ ಹೇಳಲಿಲ್ಲ. ಆ ಶನಿವಾರಗಳು ಹೋದದ್ದು ನನ್ನಿಂದ, ಅವಳಿಂದಲ್ಲ.