ಸೊಪ್ಪಿಲ್ಲದ ತಿಂಗಳು, ಡಾಕ್ಟರಿಲ್ಲದ ಕ್ಲಿನಿಕ್

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕ್ಲಿನಿಕ್‌ನಿಂದ ಫೋನ್ ಬಂತು. ಮಧ್ಯಾಹ್ನದ ಅಪಾಯಿಂಟ್‌ಮೆಂಟ್ ರದ್ದಾಗಿದೆ, ಸದ್ಯಕ್ಕೆ ಯಾವ ರೋಗಿಯನ್ನೂ ನೋಡುವುದಿಲ್ಲ ಎಂದಳು ರಿಸೆಪ್ಷನ್ ಹುಡುಗಿ. ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಸರಿ ಎಂದು ಫೋನಿಟ್ಟೆ. ಅದು 2022ರ ಜುಲೈ, ಇಲ್ಲಿನ ಬೇಸಿಗೆ.

ಅಪಾಯಿಂಟ್‌ಮೆಂಟ್ ನನ್ನ ಅತ್ತೆಯದು. ಹಿಂದಿನ ಚಳಿಗಾಲದಲ್ಲಿ ಅವರ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ದಿನಾ ಒಂದು ಮಾತ್ರೆ. ಮಾತ್ರೆಯ ಬಲ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಹಾಗಾಗಿ ಆಗಾಗ ಬೆರಳು ಚುಚ್ಚಿ, ಒಂದು ಹನಿಯನ್ನು ಚಿಕ್ಕ ಯಂತ್ರಕ್ಕೆ ಕೊಟ್ಟು, ಬಂದ ಅಂಕಿ ನೋಡಿ ಪ್ರಮಾಣ ಬದಲಿಸಬೇಕು. ರಾಂಚೊ ಬರ್ನಾರ್ಡೊದ ಆ ಕ್ಲಿನಿಕ್‌ನಲ್ಲಿ ಇದನ್ನು ಮಾಡುತ್ತಿದ್ದವರು ಒಬ್ಬ ನರ್ಸ್ ಪ್ರಾಕ್ಟೀಷನರ್, ಅಂದರೆ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುವ ಮಟ್ಟಿಗೆ ಓದಿದ ನರ್ಸ್. ಆದರೆ ರಾಜ್ಯದ ನಿಯಮದಂತೆ ಅವರ ಕೆಲಸಕ್ಕೆ ಒಬ್ಬ ಡಾಕ್ಟರ ಮೇಲುಸ್ತುವಾರಿ ಇರಲೇಬೇಕಿತ್ತು. ಆ ಡಾಕ್ಟರು ಇದ್ದದ್ದು ಪಸಡೀನಾದಲ್ಲಿ. ನಾವ್ಯಾರೂ ಅವರ ಮುಖ ನೋಡಿದವರಲ್ಲ.

“ಅಷ್ಟ್ ದೂರ ಕೂತು ನನ್ನ ಬೆರಳ ಕಾಯ್ತಾನೇನು ಅಂವಾ?” ಎಂದು ಧಾರವಾಡದ ಅತ್ತೆ ನಗುತ್ತಿದ್ದರು.

ಮೀಟಿಂಗ್ ಮುಗಿದ ಮೇಲೆ ನಾನೇ ಫೋನ್ ಮಾಡಿದೆ. ನರ್ಸ್ ಮಾತಿಗೆ ಸಿಕ್ಕರು. ಪಸಡೀನಾದ ಡಾಕ್ಟರು ಮೇಲುಸ್ತುವಾರಿಯ ಒಪ್ಪಂದ ಬಿಟ್ಟು ಹೋಗಿದ್ದರು.

“ಯಂತ್ರ ನನ್ನ ಮೇಜಿನ ಮೇಲೇ ಇದೆ. ಆದರೆ ಇವತ್ತು ನಾನು ನಿಮ್ಮ ಅತ್ತೆಯ ಡೋಸ್ ಹೇಳಿದರೆ ನನ್ನ ಲೈಸೆನ್ಸ್‌ಗೇ ಕುತ್ತು. ಮೇಲುಸ್ತುವಾರಿ ಬೇಡ ಅಂತ ಕಾನೂನೇನೋ ಬದಲಾಗಿದೆ, ಅದರ ನಿಯಮಗಳನ್ನು ಇನ್ನೂ ಬರೀತಾ ಇದ್ದಾರೆ. ಈ ವಾರವೇ ಬೇರೆ ಕಡೆ ತೋರಿಸಿ,” ಎಂದರು. ಆಮೇಲೆ ಪ್ರತಿ ಸಲ ಕೇಳುವುದನ್ನೇ ಕೇಳಿದರು. “ಹೊಸ ಔಷಧಿ ಏನಾದರೂ? ಊಟದಲ್ಲಿ ಬದಲಾವಣೆ?”

“ಇಲ್ಲ, ಎಲ್ಲ ಮಾಮೂಲು,” ಎಂದೆ.

ಆಗ ಚಾತುರ್ಮಾಸ್ಯದ ಶಾಕವ್ರತ ನಡೆಯುತ್ತಿತ್ತು, ಅತ್ತೆಯ ಮಾತಿನಲ್ಲಿ ಒಪ್ಪತ್ತು. ತಿಂಗಳಿಡೀ ತರಕಾರಿ, ಸೊಪ್ಪು ಮುಟ್ಟುವಂತಿಲ್ಲ. ದಿನಾ ಮೆಂತ್ಯವೋ ಪಾಲಕ್ಕೋ ತಿನ್ನುತ್ತಿದ್ದ ಅತ್ತೆ ಹೆಸರುಬೇಳೆ, ಮೆಣಸು, ಜೀರಿಗೆ, ಮಾವಿನಹಣ್ಣಿನಲ್ಲಿ ದಿನ ಕಳೆಯುತ್ತಿದ್ದರು. ಅದನ್ನು ನಮ್ಮ ಮನೆಯಲ್ಲಿ ಯಾರೂ ಊಟದ ಬದಲಾವಣೆ ಎನ್ನುವುದಿಲ್ಲ. ಪಂಚಾಂಗದ ಪ್ರಕಾರ ವರ್ಷಾ ವರ್ಷಾ ಬರುವಂಥದ್ದು, ಮಾಮೂಲಿನಲ್ಲೇ ಸೇರಿಹೋದದ್ದು. ಸೊಪ್ಪು ಆ ಮಾತ್ರೆಯ ಬಲವನ್ನು ತಗ್ಗಿಸುತ್ತದೆ, ಅತ್ತೆಯ ಪ್ರಮಾಣವನ್ನು ಸೊಪ್ಪು ತಿನ್ನುವ ಹೆಂಗಸಿಗೆಂದೇ ಹೊಂದಿಸಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ. ಸೊಪ್ಪು ನಿಂತಿತ್ತು, ಮಾತ್ರೆ ಮಾತ್ರ ಅಷ್ಟೇ ಇತ್ತು.

ಗಂಡ ಎರಡು ಕಡೆ ಕೇಳಿದರು. ಹೊಸ ರೋಗಿಯಾದರೆ ಕಾಯಬೇಕು ಎಂದರು ಒಬ್ಬರು. ಈ ಮಾತ್ರೆಯ ಉಸಾಬರಿ ನಮ್ಮದಲ್ಲ ಎಂದರು ಇನ್ನೊಬ್ಬರು. “ಅಮ್ಮನ ಅಂಕಿ ಯಾವಾಗ್ಲೂ ಸರಿನೇ ಬರ್ತದಲ್ಲ, ಸ್ವಲ್ಪ ದಿನ ನೋಡೋಣು,” ಎಂದರು ಇವರು.

ಮಂಗಳವಾರ ಬಚ್ಚಲಿನ ಸಿಂಕ್‌ನಲ್ಲಿ ಅತ್ತೆಯ ಉಗುಳು ಕೆಂಪಗಿತ್ತು.

“ಹಲ್ಲು ಜೋರ ತಿಕ್ಕಿದ್ದೆ ತಾಯಿ, ಅಷ್ಟ.”

ಮರುದಿನ ಬಳೆಯ ಹಿಂದೆ ನೇರಳೆ ಬಣ್ಣದ ಕಲೆ ಕಂಡಿತು. ಬಾಗಿಲು ತಗುಲಿತು ಎಂದು ಸೆರಗು ಎಳೆದುಕೊಂಡರು. ಸಂಜೆಗೆ ಅದು ಮೊಣಕೈವರೆಗೆ ಹಬ್ಬಿತ್ತು. ಅವರು ಮಾವಿನಹಣ್ಣು ಹೆಚ್ಚುತ್ತಿದ್ದರು. ಈಗಲೂ ನನ್ನ ಕಣ್ಣಿಗೆ ಕಟ್ಟುವುದು ಆ ಚಾಕು.

ಗುರುವಾರ ಮಧ್ಯಾಹ್ನ ಮೂಗಿನಿಂದ ರಕ್ತ ಶುರುವಾಯಿತು. ಒತ್ತಿ ಹಿಡಿದರೂ ನಿಲ್ಲಲಿಲ್ಲ. ಟವೆಲ್ ಒದ್ದೆಯಾಗಿ ಇನ್ನೊಂದು ತಂದೆ. ಫ್ರೀವೇಯಲ್ಲಿ ಟ್ರಾಫಿಕ್ ಕಟ್ಟಿಕೊಂಡಿತ್ತು. ಗಂಡ ಡ್ರೈವ್ ಮಾಡುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ತಲೆಯನ್ನು ಮುಂದಕ್ಕೆ ಬಾಗಿಸಿ ಹಿಡಿದಿದ್ದೆ. ಮೊದಮೊದಲು ನಮಗೇ ಸಮಾಧಾನ ಹೇಳುತ್ತಿದ್ದ ಅತ್ತೆ ಆಮೇಲೆ ಮಾತು ನಿಲ್ಲಿಸಿದರು. ನನಗೆ ಹೆದರಿಕೆ ಹತ್ತಿದ್ದು ಆಗ.

ಎಮರ್ಜೆನ್ಸಿಯಲ್ಲಿ ಬೆರಳು ಚುಚ್ಚಿದರು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಅದು ಅಳೆಯುವ ಮಿತಿ ದಾಟಿತ್ತು. ಅಲ್ಲಿನ ಡಾಕ್ಟರೂ ನನ್ನನ್ನೇ ನೋಡುತ್ತ ನರ್ಸ್ ಕೇಳಿದ್ದನ್ನೇ ಕೇಳಿದರು, ಊಟದಲ್ಲಿ ಬದಲಾವಣೆ ಏನಾದರೂ ಎಂದು. ನಾನು ಮತ್ತೆ ಇಲ್ಲ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಮೂಗಿಗೆ ಹತ್ತಿ ತುರುಕಿಸಿಕೊಂಡ ಅತ್ತೆ ಮಗನಿಗೆ ಹೇಳಿದರು:

“ಒಪ್ಪತ್ತಿನ ಅಡಿಗಿ ಹೇಳೋ ತಮ್ಮಾ ಅವಂಗ. ಪಲ್ಯಾ ಇಲ್ಲ, ಸೊಪ್ಪು ಇಲ್ಲ ಅಂತ. ನಾ ಏನ್ ಕದ್ದು ತಿಂದಿಲ್ಲ.”

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಸೊಪ್ಪಿನಲ್ಲಿದ್ದು ಮಾತ್ರೆಯ ಬಲ ತಗ್ಗಿಸುವ ವಿಟಮಿನ್ ಕೆ ಕೊಟ್ಟರು, ತಲೆಯ ಸ್ಕ್ಯಾನ್ ಮಾಡಿಸಿದರು. ಒಳಗೆ ಸ್ರಾವವಿರಲಿಲ್ಲ. ಆದರೆ ರಕ್ತ ಬೇಗ ಹೆಪ್ಪುಗಟ್ಟಿದರೆ ಕವಾಟಕ್ಕೇ ಅಪಾಯ, ಎರಡರ ನಡುವೆ ನಿಲ್ಲಿಸಬೇಕು ಎಂದರು. ಆ ವಾರಾಂತ್ಯವೆಲ್ಲ ಎರಡರ ನಡುವೆಯೇ ಕಳೆಯಿತು.

ಮನೆಗೆ ಬಂದ ಮೇಲೂ ನಾನು ರಾತ್ರಿ ಎದ್ದೆದ್ದು ಅವರ ದಿಂಬು ನೋಡುತ್ತಿದ್ದೆ. ಹಗಲು ಯೋಚಿಸುತ್ತಿದ್ದೆ. ಸೋಮವಾರ ಆ ನರ್ಸ್ ಬೆರಳು ಚುಚ್ಚಿದ್ದರೆ ನನ್ನ ‘ಮಾಮೂಲು’ ಎಂಬ ಮಾತನ್ನು ಅಂಕಿಯೇ ಸುಳ್ಳು ಮಾಡುತ್ತಿತ್ತು. ಮೇಲೊಬ್ಬರು ಇರಬೇಕೆಂಬ ನಿಯಮ ರೋಗಿಯ ರಕ್ಷಣೆಗೆ ಎನ್ನುತ್ತಾರೆ. ಇರಬಹುದು. ಆ ಸೋಮವಾರ ನಮ್ಮನ್ನು ಯಾರಿಂದ ರಕ್ಷಿಸಲಾಯಿತು ಎಂದು ಮಾತ್ರ ನನಗೆ ಇಂದಿಗೂ ಗೊತ್ತಾಗಿಲ್ಲ.

ಮರುವರ್ಷ ಹೊಸ ನಿಯಮ ಬಂತು. ಆ ನರ್ಸ್ ಡಾಕ್ಟರುಗಳೂ ಇರುವ ದೊಡ್ಡ ಕ್ಲಿನಿಕ್ ಸೇರಿದರು. ಅಲ್ಲಿ ಅವರ ನಿರ್ಧಾರಕ್ಕೆ ಇನ್ನೊಬ್ಬರ ಮೇಲುಸ್ತುವಾರಿ ಬೇಕಿರಲಿಲ್ಲ. ಅತ್ತೆ ವ್ರತ ಬಿಡಲು ಒಪ್ಪಲಿಲ್ಲ. “ಬಿಡಬೇಡಿ, ಶುರುವಾಗುವ ಮೊದಲೇ ನನಗೆ ಹೇಳಿ,” ಎಂದರು ನರ್ಸ್. ಮಾತ್ರೆ ಇಳಿಸಿದರು, ವ್ರತದುದ್ದಕ್ಕೂ ಬೆರಳು ಚುಚ್ಚಿದರು. ವ್ರತ ಮುಗಿದ ದಿನದ ಅಂಕಿಯೂ ಮಿತಿಯೊಳಗಿತ್ತು. ಅಂದು ರಾತ್ರಿ ಮಲಗಿದವಳು ಎದ್ದಾಗ ಬೆಳಕು ಹರಿದಿತ್ತು, ಅತ್ತೆ ನನಗಿಂತ ಮೊದಲೇ ಎದ್ದು ಕಾಫಿ ಕಾಸುತ್ತಿದ್ದರು.