ನಿಮಗೂ ಕೇಳ್ತದಾ?

ಸೋಸಲೆಯಲ್ಲಿ ನಮ್ಮ ಪಕ್ಕದ ಮನೆಯವನು ಹಿಂದೆ ನೌಕಾಪಡೆಯ ಜಲಾಂತರ್ಗಾಮಿಯಲ್ಲಿದ್ದ. ನೀರಿನೊಳಗಿನ ಸದ್ದು ಕೇಳಿ, ಅದು ಎಂಥ ಹಡಗಿನದೆಂದು ಹೇಳುವುದು ಅವನ ಕೆಲಸ. ಕಿವಿಯೊಳಗೇ ಕಿರ್ರೆನ್ನುವ ಸದ್ದು ಶುರುವಾದ ಮೇಲೆ ಡಾಕ್ಟರು ಅನರ್ಹನೆಂದು ಬರೆದು ಮನೆಗೆ ಕಳಿಸಿದರು. ಎಡಗಿವಿ ಎಂದು ನನ್ನ ನೆನಪು. ನನ್ನ ಹೆಂಡತಿ ಬಲಗಿವಿ ಎನ್ನುತ್ತಾಳೆ.

ಊರಿಗೆ ಬಂದು ಪಂಪ್‌ಸೆಟ್ ರಿಪೇರಿಗೆ ನಿಂತ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಅದನ್ನು ಎದುರಿಗಿದ್ದವರಿಗೆ ಕೊಟ್ಟು, "ನಿಮಗೂ ಕೇಳ್ತದಾ ಸಾ?" ಎನ್ನುತ್ತಿದ್ದ. ಸದ್ದು ಮೋಟಾರಿನದೋ ತನ್ನ ಕಿವಿಯದೋ ಅವನಿಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಗದ್ದೆಯ ಮೋಟಾರಿಗೂ ಕಿವಿಯಿಟ್ಟು, "ಬೇರಿಂಗ್ ಓಗದೆ ಅನ್ನುಸ್ತದೆ," ಎಂದ.

ನನ್ನ ಬಾಮೈದ ರೇಗಿದ. "ಅನ್ನುಸ್ತದೆ ಅಂತ ಬಿಚ್ಚಾಕ್ಬುಡ್ತೀಯೇನ್ಲಾ? ನಾಟಿ ಮಾಡಿ ಮೂರ್ ದಿನ ಆಗದೆ, ನೀರು ನಿಮ್ಮಪ್ಪ ಬುಡ್ತಾನಾ?"

ರಿಪೇರಿಯವನು ಸ್ಕ್ರೂಡ್ರೈವರನ್ನು ನನಗೆ ಕೊಟ್ಟ. ಮೋಟಾರಿನ ಗುಂಯ್ ಬಿಟ್ಟರೆ ಬೇರೇನೂ ಕೇಳಲಿಲ್ಲ. ಕೇಳಲಿಲ್ಲವೆಂದೇ ಈಗಲೂ ಅಂದುಕೊಂಡಿದ್ದೇನೆ. ಆದರೆ ಸದ್ದು ಮೋಟಾರಿನದಾದರೆ ಅವನ ಕಿವಿ ಇನ್ನೂ ನಂಬುವಂಥದ್ದು ಎಂದಾಗುತ್ತಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಕೇಳ್ತದೆ ಕಣಪ್ಪ, ಕಿರ್ ಅಂತದೆ," ಎಂದೆ.

ಮೋಟಾರು ಬಿಚ್ಚಿದ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆರಳಿನಲ್ಲಿ ತಿರುಗಿಸಿದ. ಅದು ಸದ್ದಿಲ್ಲದೆ, ಹೊಸದರಂತೆ ತಿರುಗಿತು. ಬಾಮೈದ ಬೈಯತೊಡಗಿದ. ರಿಪೇರಿಯವನು ನನ್ನನ್ನು ಬದುವಿನ ಮೇಲೆ ಅಷ್ಟು ದೂರ ಕರೆದೊಯ್ದು, ದನಿ ತಗ್ಗಿಸಿದ.

"ಅಂಗಾರೆ ನಿಮಗೂ ಸುರುವಾಗದೆ ಸಾ. ನನ್ನಂಗೆ ಮುಚ್ಚಿಟ್ಕಬ್ಯಾಡಿ. ನಾಳೆ ಮೈಸೂರಿಗೆ ಓಗಿ ಡಾಕ್ಟ್ರಿಗೆ ತೋರ್ಸವ, ನಾನೂ ಬತ್ತೀನಿ."