ಕಿಟಕಿ ಅಳೆಯುವ ಲೊರೇಟಾ

ಮೊಮ್ಮಗಳು ಟೆಸ್ಸಾ ಅಜ್ಜಿ ವರ್ನಾಳ ಬಳಿಯೇ ಉಳಿಯಬಹುದೇ ಎಂದು ನೋಡಲು ಮಕ್ಕಳ ಇಲಾಖೆಯ ಲೊರೇಟಾ ಓಹಾಯೋ ನದಿದಂಡೆಯ ಅವಳ ಮನೆಗೆ ಮೊದಲ ದಿನ ಬಂದಾಗ, ಕೂರುವ ಮೊದಲೇ ಟೇಪು ತೆಗೆದು ಮಗು ಮಲಗುವ ಕೋಣೆಯ ಕಿಟಕಿ ಅಳೆದಳು; ಬೆಂಕಿ ಬಿದ್ದರೆ ಮಗು ಹೊರಬರುವಷ್ಟು ಅಗಲ ಇರಬೇಕೆಂದು ಕಾನೂನು. ರಾಜಧಾನಿಯಲ್ಲಿ ಕಾನೂನು ಬದಲಾದಾಗಲೆಲ್ಲ ಹೊಸ ಫಾರಂ ಹಿಡಿದು ಬಂದು ಅದೇ ಕಿಟಕಿ ಅಳೆಯುವಳು. ಕಾಫಿ ಬೇಡ ಬೇಡ ಎನ್ನುತ್ತಲೇ ಎರಡು ಲೋಟ ಕುಡಿಯುವಳು. "ಕಿಟಕಿ ಏನಾದ್ರೂ ಬೆಳೆದಿದೆಯಾ ತಾಯಿ?" ಎಂದು ವರ್ನಾ ಕೆಣಕಿದರೆ, "ಕಿಟಕಿ ಎಲ್ಲಿ ಬೆಳೆಯುತ್ತೆ ಅಜ್ಜಿ, ಬೆಳೆಯೋದು ಕಾನೂನು" ಎನ್ನುವಳು. ಹೊರಡುವಾಗ ಮಾತ್ರ, ಟೆಸ್ಸಾಳ ಎತ್ತರಕ್ಕೆಂದು ವರ್ನಾ ವರ್ಷವರ್ಷವೂ ಬಾಗಿಲ ಚೌಕಟ್ಟಿಗೆ ಎಳೆದ ಪೆನ್ಸಿಲ್ ಗೆರೆಗಳನ್ನು ಬೆರಳಲ್ಲಿ ಸವರುವಳು. ಯಾಕಿರಬಹುದೆಂದು ವರ್ನಾಗೆ ಕುತೂಹಲ. ಕೊನೆಗೆ ಮಗು ಸ್ವಂತ ಅಜ್ಜಿಯ ಮನೆಯಲ್ಲಿದ್ದರೆ ಅಳತೆ ಬೇಡವೆಂಬ ಕಾನೂನು ಬಂತು, ಟೆಸ್ಸಾ ಉಳಿದಳು. ಅದನ್ನು ತಿಳಿಸಲು ಲೊರೇಟಾ ಬಂದ ದಿನ ಟೇಪು ಚೀಲ ಬಿಟ್ಟು ಹೊರಬರಲಿಲ್ಲ. "ನಾನು ಹನ್ನೊಂದು ಸಾಕುಮನೆಗಳಲ್ಲಿ ಬೆಳೆದೆ ಅಜ್ಜಿ," ಎಂದ ಲೊರೇಟಾ ಬೂಟು ಬಿಚ್ಚಿ, ಚೌಕಟ್ಟಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತು ಕೇಳಿದಳು: "ನನಗೂ ಒಂದು ಗೆರೆ ಎಳೀತೀರಾ?"